ಮೊಣಕೈ

ನಲವತ್ತು ವರ್ಷ ನಾನೊಂದೂ ಫೋಟೋ ತೆಗೀಲಿಲ್ಲ.
ಬ್ಯಾರೆಯವರು ತೆಗದದ್ದನ್ನ ಕತ್ತರಿಸಿದೆ.

ಲ್ಯಾಮಿಂಗ್ಟನ್ ರಸ್ತೆಯ ಆಫೀಸು, ಮಾಳಿಗಿ ಮ್ಯಾಲಿನ ಖೋಲಿ,
ಹೈಪೋ ವಾಸನಿ ಕುಡದ ಗೋಡಿ,
ಒಂದು ಲೂಪು, ಒಂದು ಸ್ಕೇಲು, ಕೆಂಪು ಮೇಣದ ಪೆನ್ಸಿಲು.
ರಾತ್ರಿ ಹನ್ನೊಂದಕ್ಕ ಮೌಲಾಲಿ ಲ್ಯಾಂಬ್ರೆಟಾ ನಿಲ್ಲಿಸಿ
ಇನ್ನೂ ಹಸಿ ಇದ್ದ ಪ್ರಿಂಟು
ರೊಟ್ಟಿ ಹಂಗ ಅಂಗೈ ಮ್ಯಾಲ ಹಿಡಕೊಂಡು ಮೆಟ್ಟಲಾ ಏರತಿದ್ದ.
"ಸಾಹೇಬ್ರ, ಈ ಸಲ ಕತ್ತರಸಬ್ಯಾಡ್ರಿ."
ಕತ್ತರಸತಿದ್ದೆ.
ಮೂರು ಕಾಲಂ ಅಂದ್ರ ಮೂರು ಕಾಲಂ.
ಕಾರವಾರದ ಪಾರ್ಸೆಲ್ಲು ಒಂದೂವರಿಗೆ ಬಿಡತಿತ್ತು,
ಅದಕ್ಕ ಆಕಾಶ ಬ್ಯಾಡ, ಹಿಂದಿನ ಗಿಡ ಬ್ಯಾಡ,
ಅಂಚಿನ್ಯಾಗ ನಿಂತವರು ಬ್ಯಾಡ.

ಅವ್ವ ಗದಗಿನಿಂದ ಕನ್ಯಾದ ಫೋಟೋ ತರಿಸಿದ್ಲು.
ಬೆಳಕು ಎಡಕಿಂದ ಬರಬೇಕಿತ್ತು, ಅಂದೆ.
ಅವ್ವ ನನ್ನ ಮಾರಿ ನೋಡಿ, ಲಕೋಟಿ ಮಡಚಿ,
ಮುಂದ ತರಸಲೇ ಇಲ್ಲ.

ಆಮ್ಯಾಲ ಕಂಪ್ಯೂಟರ್ ಬಂತು, ಲೂಪು ಡ್ರಾವರ್ ಸೇರಿತು.
ಆಮ್ಯಾಲ ನಾನೂ. ಶಾಲು, ಹಣ್ಣಿನ ಬುಟ್ಟಿ, ಒಂದು ಗಡಿಯಾರ.
ಬೀಳ್ಕೊಡುಗೆಯ ಗ್ರೂಪ್ ಫೋಟೋದಾಗ ಬಾಯಿ ತೆರಕೊಂಡೀನಿ.
ಚಲೋದೊಂದು ಆರಿಸಲಿಕ್ಕೆ ಅಲ್ಲಿ ಯಾರೂ ಉಳದಿರಲಿಲ್ಲ.

ಅರವತ್ತೊಂಬತ್ತಕ್ಕ ಕಣ್ಣಿಗೆ ಪೊರಿ.
ಆಪರೇಷನ್ ಆಗಿ, ಹಸರ ಪಟ್ಟಿ ಕಟ್ಟಿಕೊಂಡು
ವರಾಂಡದ ಬೆಂಚಿನ ಮ್ಯಾಲ ಕುಂತಾಗ
ಒಳಗಿಂದ ನನ್ನ ಹೆಸರು ಕೂಗಿದ್ರು. ಬಾಜೂದಿಂದ ಒಂದು ದನಿ:
"ಪೇಪರಿನ ಬಾಕಳೆ ನೀವೇನ್ರಿ? ನನ್ನನ್ನ ಕತ್ತರಿಸಿದವರು?"

ಸಲೋಮಿ ಹಂಚಿನಮನಿ. ಬೆಟಗೇರಿಯಾಗ ನರ್ಸಿಂಗ್ ಕಲಿತಾಕಿ,
ಕೆಎಂಸಿಯೊಳಗ ಮೂವತ್ತಾರು ವರ್ಷ.
ಪಿಶವಿಯಿಂದ ತೆಗದ್ಲು ಪ್ಲಾಸ್ಟಿಕ್ ಹೊದಿಸಿದ ತುಣುಕು:
ಎಂಬತ್ತೊಂದರ ಪೇಪರು, ಹೊಸ ವಾರ್ಡಿನ ಉದ್ಘಾಟನೆ,
ನಡುವ ಮಂತ್ರಿ, ಕೈಯಾಗ ಕತ್ತರಿ.
ಅವರು ರಿಬ್ಬನ್ ಕತ್ತರಿಸಿದ್ರು, ನಾ ಅಕಿನ್ನ.
"ಬಲಕ್ಕ ನೋಡ್ರಿ, ಈ ಮೊಣಕೈ. ಇದು ನಂದು.
ನಮ್ಮಪ್ಪ ಹತ್ತು ಕಾಪಿ ತಗೊಂಡಿದ್ದ.
ಮರುದಿನ ಜಗಳಕ್ಕಂತ ಬಂದಿದ್ದೆ, ಗೇಟಿನವ ನಿಮ್ಮ ಹೆಸರು ಹೇಳಿದ.
ಡ್ಯೂಟಿಗೆ ಹೊತ್ತಾಗಿತ್ತು. ಮೆಟ್ಟಲಾ ಹತ್ತಲಿಲ್ಲ."

ಒಂದ ಕಣ್ಣಿಲೆ ನೋಡಿದೆ. ಮೊಣಕೈ ಮ್ಯಾಲ ಒಂದು ಮಚ್ಚಿ.
ಅಕಿ ತೋಳು ಮಡಚಿ ತೋರಿಸಿದ್ಲು. ಐತಿ, ಅಲ್ಲೇ ಐತಿ.
ಉಳಿಸಿದ್ದಕ್ಕ ಪುಣ್ಯ ನಂದೇನಲ್ಲ.
ಇನ್ನೊಂದು ನೂಲು ಒಳಗ ಗೆರಿ ಎಳದಿದ್ರ
ಮಂತ್ರಿ ಕಿವಿ ಹೋಗತಿತ್ತು, ಅಷ್ಟ.

ದಿನಕ್ಕ ನಾಲ್ಕು ಸಲ ಕಣ್ಣಿಗೆ ಹನಿ.
ಮೊದಲ ವಾರ ನಾನ ಹಾಕ್ಕೊಂಡೆ, ಗಲ್ಲಕ್ಕ.
ಎರಡನೇ ವಾರ ಅಕಿ ಕಮರಿಪೇಟಿ ಮನಿಗೆ ಬಂದ್ಲು.
"ಮ್ಯಾಲ ನೋಡ್ರಿ."
ಲೂಪಿಲ್ಲದ ಅಷ್ಟು ಹತ್ರದಿಂದ
ಯಾವ ಮಾರಿನೂ ನೋಡಿದ್ದಿಲ್ಲ ನಾನು.
ಹನಿ ಬಿತ್ತು, ಎಲ್ಲಾ ಔಟ್ ಆಫ್ ಫೋಕಸ್.
ಡಾಕ್ಟರು ಸಾಕು ಅಂದ ಮ್ಯಾಲೂ
ಅಕಿ ನಾಲ್ಕು ಸಲ ಬರೂದು ಬಿಡಲಿಲ್ಲ,
ನಾ ಮ್ಯಾಲ ನೋಡೂದು.

ತಮ್ಮನ ಮಗ ಅಂದ: "ಈ ವಯಸ್ಸಿನ್ಯಾಗೇನು ಕಾಕಾ, ಅದೂ ಚರ್ಚಿನಾಕಿ."
ಅಕಿ ತಂಗಿ ಏನಂದ್ಲೋ, ನನಗ ಹೇಳಲಿಲ್ಲ.
ಎರಡು ದಿನ ಚಹಾಕ್ಕ ಸಕ್ಕರಿ ಮರತಿದ್ಲು.

ರಜಿಸ್ಟ್ರಾರ್ ಆಫೀಸಿಗೆ ಜೋಡಿ ಫೋಟೋ ಬೇಕಂತ.
ಕೊಪ್ಪಿಕರ ರಸ್ತೆಯ ಸ್ಟುಡಿಯೋದ ಹುಡುಗ
ಪರದೆ ಮ್ಯಾಲ ನಮ್ಮನ್ನ ತೆರದಿಟ್ಟ.
ಎಡಕ್ಕ, ನೀರಿನ ಕ್ಯಾನ್ ಹೊತ್ತು ಒಳಗ ಬಂದವನ ಅರ್ಧ ಭುಜ.
"ಇದನ್ನ ಕ್ರಾಪ್ ಮಾಡ್ತೀನ್ರಿ ಅಜ್ಜಾರ."
ನನ್ನ ಬಲಗೈ ತಾನ ಕಿಸೆಕ್ಕ ಹೋತು, ಇಲ್ಲದ ಪೆನ್ಸಿಲ್ ಹುಡಕಿ.
"ಅವನ್ನ ಕೇಳು," ಅಂದ್ಲು ಸಲೋಮಿ, "ಇರತಾನೋ ಹೋಗತಾನೋ."
ನೀರಿನವ ಕ್ಯಾನ್ ಇಳಿಸಿ
ನಮ್ಮಿಬ್ಬರ ನಡುವ ಬಗ್ಗಿ ನೋಡಿದ. ಭಾಳ ಹೊತ್ತು ನೋಡಿದ.
"ಭುಜ ಚಲೋ ಬಂದೈತ್ರಿ," ಅಂದ.